ಥೇಮ್ಸ್ ದಂಡೆಯಿಂದ ಅಕ್ಕನಿಗೆ

ಲಂಡನ್, ಅಕ್ಟೋಬರ್ 12

ಅಕ್ಕಾ,

ಫೋನಿನಲ್ಲಿ ಅಮ್ಮ ನಿನ್ನ ಪಕ್ಕದಲ್ಲೇ ಇರುತ್ತಾಳೆ. ನೀನೂ ಕೇಳಲಾರೆ, ನಾನೂ ಹೇಳಲಾರೆ. ಅದಕ್ಕೇ ನಿನ್ನ ಶಾಲೆಯ ವಿಳಾಸಕ್ಕೆ ಈ ಪತ್ರ.

ಮೊದಲು ಮಾತ್ರೆಯ ವಿಷಯ. ಎಆರ್‌ಟಿ ಸೆಂಟರಿನಲ್ಲಿ ಕೊಟ್ಟ ಡಬ್ಬಿಗಳು, ಡಾಕ್ಟರ ಪತ್ರ ಎರಡನ್ನೂ ಕೈಚೀಲದಲ್ಲೇ ಇಟ್ಟುಕೊಂಡಿದ್ದೆ. ವಿಮಾನ ನಿಲ್ದಾಣದಲ್ಲಿ ಯಾರೂ ಏನೂ ಕೇಳಲಿಲ್ಲ. ವೀಸಾಕ್ಕೂ ಬೇಕಾಗಿದ್ದು ಕ್ಷಯದ ಪರೀಕ್ಷೆ, ಎಚ್‌ಐವಿಯದು ಬೇಕಿರಲಿಲ್ಲ. ಡಬ್ಬಿ ಅಲ್ಲಾಡಿದರೆ ಮಾತ್ರೆ ಗಲಗಲ ಎನ್ನುತ್ತವಲ್ಲ, ಆ ಸದ್ದಿಗೆ ಹೆದರಿ ಒಳಗೆ ಹತ್ತಿ ತುರುಕಿದ್ದೆ. ಇಲ್ಲಿ ರೂಮು ನನ್ನೊಬ್ಬನದೇ. ಹತ್ತಿ ತೆಗೆದು ಬಿಸಾಡಿದೆ. ಊರಿನಲ್ಲಿ ಮಾತ್ರೆ ನುಂಗುತ್ತಿದ್ದ ರಾತ್ರಿ ಒಂಬತ್ತೆಂದರೆ ಇಲ್ಲಿ ಸಂಜೆ ನಾಲ್ಕೂವರೆ, ಕ್ಲಾಸಿನ ಹೊತ್ತು. ಡಾಕ್ಟರನ್ನು ಕೇಳಿಯೇ ರಾತ್ರಿಯೂಟದ ಸಮಯಕ್ಕೆ ಬದಲಿಸಿಕೊಂಡೆ.

ಕಳೆದ ವಾರ ಇಲ್ಲಿನ ಕ್ಲಿನಿಕ್ಕಿಗೆ ಹೋಗಿದ್ದೆ. ನರ್ಸ್ ರಕ್ತ ತೆಗೆಯುತ್ತಾ ಯಾವ ಕೋರ್ಸ್, ಅಡುಗೆ ನೀನೇ ಮಾಡಿಕೊಳ್ಳುತ್ತೀಯಾ ಎಂದೆಲ್ಲ ವಿಚಾರಿಸಿದಳು. ‘ಹೇಗೆ ಬಂತು’ ಎಂದು ಗದರಲಿಲ್ಲ. ಊರಿನ ಆ ಲ್ಯಾಬಿನಲ್ಲಿ ನನ್ನ ರಿಪೋರ್ಟನ್ನು ಎಲ್ಲರೆದುರು ಗಟ್ಟಿಯಾಗಿ ಓದಿದ್ದು ಇನ್ನೂ ಕಿವಿಯಲ್ಲಿದೆ. ನಮ್ಮ ಒಪ್ಪಿಗೆ ಇಲ್ಲದೆ ಹಾಗೆ ಬಯಲು ಮಾಡಬಾರದೆಂದು 2017ರ ಎಚ್‌ಐವಿ ಕಾಯ್ದೆಯೇ ಹೇಳುತ್ತದೆ. ಆಮೇಲೆ ಸೆಂಟರಿನ ಕೌನ್ಸೆಲರ್ ಮೇಡಂ ಕೂರಿಸಿಕೊಂಡು ಧೈರ್ಯ ಹೇಳದಿದ್ದರೆ ನಾನು ಈ ಸೀಟನ್ನೇ ಬಿಡುತ್ತಿದ್ದೆ. ಅವರ ಋಣ ದೊಡ್ಡದು.

ದುಡ್ಡಿನ ಚಿಂತೆಯೂ ಬೇಡ. 2012ರ ಅಕ್ಟೋಬರಿನಿಂದ ಇಂಗ್ಲೆಂಡಿನಲ್ಲಿ ಯಾವ ದೇಶದವರಿಗೂ ಎಚ್‌ಐವಿ ಚಿಕಿತ್ಸೆ ಉಚಿತ. ನಮ್ಮ ಸರ್ಕಾರವಂತೂ 2004ರಿಂದಲೇ ಎಆರ್‌ಟಿ ಮಾತ್ರೆಗಳನ್ನು ಪುಕ್ಕಟೆ ಕೊಡುತ್ತಿದೆ.

ನಿನ್ನೆ ವೆಸ್ಟ್‌ಮಿನ್‌ಸ್ಟರ್ ಸೇತುವೆ ದಾಟಿ ನಡೆದೆ. ಪಾರ್ಲಿಮೆಂಟಿನ ಎದುರು ದಂಡೆಯಲ್ಲೇ ಸೇಂಟ್ ಥಾಮಸ್ ಆಸ್ಪತ್ರೆ. 1982ರ ಜುಲೈ 4ರಂದು ಟೆರೆನ್ಸ್ ಹಿಗಿನ್ಸ್ ತೀರಿಕೊಂಡಿದ್ದು ಅಲ್ಲೇ. ಬ್ರಿಟನ್ನಿನಲ್ಲಿ ಏಡ್ಸ್‌ಗೆ ಬಲಿಯಾದ ಮೊದಲಿಗರಲ್ಲಿ ಒಬ್ಬ, ವಯಸ್ಸು 37. ಯಾವ ವೈರಸ್ ಎಂದು ಪತ್ತೆಯಾಗಿದ್ದು ಮರುವರ್ಷ. ಗೆಳೆಯರು ಅವನ ಹೆಸರಿನಲ್ಲಿ ಕಟ್ಟಿದ ಟ್ರಸ್ಟ್ ಇವತ್ತಿಗೂ ನನ್ನಂಥವರ ಕೈಹಿಡಿಯುತ್ತಿದೆ. ಆಸ್ಪತ್ರೆಯ ಮುಂದೆ ಬಹಳ ಹೊತ್ತು ನಿಂತಿದ್ದೆ ಅಕ್ಕಾ. ಅವನ ಪಾಲಿಗೆ ಒಂದು ಮಾತ್ರೆಯೂ ಇರಲಿಲ್ಲ. ನನಗೆ ದಿನಕ್ಕೊಂದು ಸಾಕು.

ನನ್ನ ವೈರಲ್ ಲೋಡ್ ಇಳಿಯುತ್ತಿದೆ. ಪರೀಕ್ಷೆಗೆ ಸಿಗದಷ್ಟು ಇಳಿದು ಹಾಗೇ ನಿಂತರೆ ಗಂಡಹೆಂಡಿರ ಸಂಬಂಧದಲ್ಲೂ ಸೋಂಕು ದಾಟುವುದಿಲ್ಲ. ಒಂದೇ ತಟ್ಟೆಯಲ್ಲಿ ಉಂಡರೆ, ಮಗುವನ್ನು ಎತ್ತಿ ಮುದ್ದಾಡಿದರೆ ಎಂದಿಗೂ ದಾಟುವುದಿಲ್ಲ. ಇದನ್ನು ಭಾವನಿಗೆ ಬಿಡಿಸಿ ಹೇಳು. ಹೊರಡುವ ದಿನ ಪುಟ್ಟಿಯನ್ನು ನನ್ನ ತೊಡೆಯಿಂದ ಇಳಿಸಿಕೊಂಡರಲ್ಲ, ಆಗ ನಾನು ಸುಮ್ಮನಿದ್ದೆ. ಅವರ ಮೇಲೆ ಸಿಟ್ಟಿಲ್ಲ. ಆದರೆ ಮುಂದಿನ ಸಲ ಬಂದಾಗ ಹಾಗಾಗಬಾರದು.

ಅಮ್ಮನಿಗೆ ಬೇಸಿಗೆ ರಜೆಯಲ್ಲಿ ನಾನೇ ಎದುರು ಕೂತು ಹೇಳುತ್ತೇನೆ. ಅಲ್ಲಿಯವರೆಗೆ ನೀನು ಬಾಯಿ ಬಿಡಬೇಡ.

ನಿನ್ನ ತಮ್ಮ