ಇಂಗ್ಲೆಂಡ್ ಡೈರಿ – 23: ಕಲರ್ ದೊಡ್ಡದಾ, ಸೀಕ್ವೆನ್ಸಾ?

ಮೊನ್ನೆ ರಜೆಯಲ್ಲಿ ನಮ್ಮ ವಾರ್ಡಿನ ಫಿಲಿಪೀನ್ಸ್ ಗೆಳತಿ ಪೋಕರ್ ಕಲಿಸಿದಳು. ದುಡ್ಡಿಲ್ಲ, ಬರೀ ಬೆಂಕಿಕಡ್ಡಿ (ಅಮ್ಮಾ, ಗಾಬರಿ ಬೇಡ).

ಕೈಗೆ ಎರಡೆಲೆ. ಮೇಜಿನ ಮೇಲೆ ಎಲ್ಲರಿಗೂ ಸೇರಿ ಐದು. ಮೊದಲು ಮೂರು, ಆಮೇಲೆ ಒಂದೊಂದೇ. ಏಳರಲ್ಲಿ ಒಳ್ಳೆಯ ಐದು ಲೆಕ್ಕಕ್ಕೆ. ನನಗೆ ಸೀಕ್ವೆನ್ಸ್ ಬಂತು, ಇದ್ದಬದ್ದ ಕಡ್ಡಿಯನ್ನೆಲ್ಲ ಮುಂದೆ ತಳ್ಳಿದೆ. ಅವಳು ಕಲರ್ ತೋರಿಸಿ ಎಲ್ಲ ಬಾಚಿಕೊಂಡಳು!

ನಮ್ಮೂರ ಮೂರೆಲೆ ಆಟದಲ್ಲಿ ಸೀಕ್ವೆನ್ಸೇ ದೊಡ್ಡದಲ್ವಾ? ಐದೆಲೆಯಲ್ಲಿ ಕಲರ್ ಬೀಳೋದು ಅದಕ್ಕಿಂತ ಅಪರೂಪ, ಅದಕ್ಕೇ ಇಲ್ಲಿ ಉಲ್ಟಾ.

ಮೂರೆಲೆ ಕಲಿತದ್ದು ದೀಪಾವಳಿ ರಾತ್ರಿ, ಅಪ್ಪನ ಬೆನ್ನ ಹಿಂದೆ ಕೂತು. ಅಮ್ಮನ ಬಳೆ ಹೋದ ವರ್ಷವೂ ಅಲ್ಲೇ ಕೂತಿದ್ದೆ. ಅಪ್ಪನ ಕೈಯಲ್ಲಿ ಕಲರ್, ಎದುರಿನವರದ್ದು ಸೀಕ್ವೆನ್ಸ್.

ಬೆಳಿಗ್ಗೆ ಫೋನ್ ಮಾಡಿ ಅಪ್ಪನಿಗೆ ಈ ನಿಯಮ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ತಿಂಡಿ ಆಯ್ತಾ ಮಗಾ?" ಅಂದ್ರು.