ಅವ್ವನ ಜಾಮೀನು

ವೀಸಾ ಅರ್ಜಿಯ ಹೊಟ್ಟೆಯೊಳಗೆ ಒಂದು ಪ್ರಶ್ನೆ ಇರುತ್ತದೆ. ಅದನ್ನು ಸುತ್ತಿ ಬಳಸಿ, ನಯವಾಗಿ ಕೇಳಿರುತ್ತಾರೆ. ನಮ್ಮ ಕೇರಿಯ ಮಾತಿನಲ್ಲಿ ಹೇಳುವುದಾದರೆ ಇಷ್ಟೇ: ನೀನು ತಿರುಗಿ ಹೋಯ್ತೀಯ ಅನ್ನೋಕೆ ಏನು ಗ್ಯಾರಂಟಿ? ಊರಲ್ಲಿ ನಿನಗೆ ಏನೈತೆ? ಹೊಲ ಐತಾ, ಮನೆ ಐತಾ, ಬ್ಯಾಂಕಲ್ಲಿ ದುಡ್ಡು ಐತಾ, ನೌಕರಿ ಐತಾ?

ನಮ್ಮ ಅವ್ವನ ಹೆಸರಲ್ಲಿ ಇದ್ಯಾವುದೂ ಇಲ್ಲ. ಇರೋದಕ್ಕೆ ಯಾರು ಬಿಟ್ಟರು?

ನಾವು ಅಕ್ಕತಂಗಿಯರು ಇಬ್ಬರು. ಕಾವೇರಿ ನಾಲೆ ಹರಿಯುವ ಸೀಮೆಯ ಒಂದು ಹೊಲಗೇರಿಯಲ್ಲಿ ಹುಟ್ಟಿದವರು. ಆ ನಾಲೆಯ ನೀರು ಯಾರ ಗದ್ದೆಗೆ ಹರಿಯುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಚಿಕ್ಕವಳು ನರ್ಸಿಂಗ್ ಓದಿ, ಈಗ ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿ ಬಿಳಿಯ ಮುದುಕ ಮುದುಕಿಯರ ಮೈ ತೊಳೆದು ಮಾತ್ರೆ ಕೊಡುವ ಕೆಲಸದಲ್ಲಿದ್ದಾಳೆ. ಅಲ್ಲಿಯ ಕಾಯಂ ವಾಸದ ಹಕ್ಕು ಸಿಕ್ಕಿದೆ. ದೊಡ್ಡವಳು ಊರಿನ ಹತ್ತಿರದ ಪಟ್ಟಣದಲ್ಲಿ ಟೀಚರು. ಇದನ್ನು ಇಬ್ಬರೂ ಸೇರಿ ಬರೆಯುತ್ತಿದ್ದೇವೆ, ಅರ್ಧ ಫೋನಿನಲ್ಲಿ, ಅರ್ಧ ಹಾಳೆಯ ಮೇಲೆ.

ಚಿಕ್ಕವಳು ಮೊದಲ ಹೆರಿಗೆಯಾಗಿ ಆಸ್ಪತ್ರೆಯಿಂದ ಬಂದ ಮೂರನೇ ದಿನ ತಾನೇ ಒಲೆ ಮುಂದೆ ನಿಂತವಳು. ಎರಡನೇ ಸಲ ಬಸುರಿಯಾದಾಗ ಹಟ ಹಿಡಿದಳು: ಬಾಣಂತನಕ್ಕೆ ಅವ್ವನೇ ಬರಬೇಕು. ಅವ್ವ ಊರವರ ಮನೆಯ ಹಿತ್ತಲಲ್ಲಿ ನಿಂತು ಎಷ್ಟೋ ಬಾಣಂತಿಯರ ಬಟ್ಟೆ ಒಗೆದಿದ್ದಾಳೆ. ತನ್ನ ಮಗಳ ಬಾಣಂತನ ಮಾಡಲಿಕ್ಕೆ ಒಂದು ಸರ್ಕಾರದ ಅಪ್ಪಣೆ ಬೇಕಾಯಿತು.

ಆಸ್ಟ್ರೇಲಿಯಾದಲ್ಲಿ ಸಂದರ್ಶಕರ ವೀಸಾಕ್ಕೆ 600 ಎಂಬ ನಂಬರು. ಅದರಲ್ಲೇ ಒಂದು ಕವಲು ಸ್ಪಾನ್ಸರ್ಡ್ ಫ್ಯಾಮಿಲಿ. ಅಲ್ಲಿ ನೆಲೆನಿಂತ ಪ್ರಜೆ ಅಥವಾ ಕಾಯಂ ವಾಸಿ ತನ್ನ ಹತ್ತಿರದ ನೆಂಟರಿಗಾಗಿ ಮುಂದೆ ಬಂದು ನಿಲ್ಲಬೇಕು. ಸ್ಪಾನ್ಸರ್ ಅನ್ನುವುದಕ್ಕೆ ಪೇಪರಿನವರು ಪ್ರಾಯೋಜಕ ಅಂತ ಬರೆಯುತ್ತಾರೆ. ಕ್ರಿಕೆಟ್ ಮ್ಯಾಚಿಗೂ ಅದೇ ಪದ. ಅವ್ವ ಎರಡು ನಿಮಿಷ ಕೇಳಿಸಿಕೊಂಡು ಅಂದಳು, "ಜಾಮೀನು ಅನ್ನು ಮತ್ತೆ." ಅದಕ್ಕಿಂತ ಸರಿಯಾದ ಅನುವಾದ ನಮಗೆ ಇನ್ನೂ ಸಿಕ್ಕಿಲ್ಲ.

ಮೊದಲು ಪಾಸ್‌ಪೋರ್ಟು. ಅವ್ವ ಹುಟ್ಟಿದ್ದು ಪಾಕಿಸ್ತಾನದ ಯುದ್ಧ ಆದ ವರ್ಷ, ರಾಗಿ ಕೊಯ್ಲಿನ ಹೊತ್ತಿಗೆ. ಅಂದರೆ 1965. ಜನನ ಮರಣ ನೋಂದಣಿಯ ಕಾಯಿದೆ ಬಂದದ್ದು 1969ರಲ್ಲಿ. ಅವ್ವ ಸ್ಕೂಲಿನ ಬಾಗಿಲು ಕಂಡವಳಲ್ಲ, ಹಾಗಾಗಿ ಟಿ.ಸಿ. ಇಲ್ಲ. ಆಧಾರ್ ಕಾರ್ಡಿನಲ್ಲಿ ಜನವರಿ 1 ಅಂತ ಹಾಕಿದ್ದಾರೆ. ನಮ್ಮ ಕೇರಿಯ ವಯಸ್ಸಾದವರಲ್ಲಿ ಬಹಳ ಜನ ಹುಟ್ಟಿದ್ದು ಜನವರಿ ಒಂದಕ್ಕೇ! 2016ರ ಕೊನೆಯಲ್ಲಿ ಪಾಸ್‌ಪೋರ್ಟಿನ ನಿಯಮ ಸಡಿಲಾಗಿ ಹುಟ್ಟಿದ ತಾರೀಕಿಗೆ ಆಧಾರ್ ಕಾರ್ಡೂ ನಡೆಯುತ್ತದೆ ಅಂತಾದದ್ದರಿಂದ ಬದುಕಿಕೊಂಡೆವು. ಹೆಸರಿನ ತಕರಾರು ಬೇರೆ. ರೇಷನ್ ಕಾರ್ಡಿನಲ್ಲಿ ಹೆಸರಿನ ತುದಿಗೆ 'ಅಮ್ಮ' ಇದೆ, ಆಧಾರಿನಲ್ಲಿ ಇಲ್ಲ, ವೋಟರ್ ಲಿಸ್ಟಿನಲ್ಲಿ ಅಪ್ಪನ ಹೆಸರು ಸೇರಿಕೊಂಡಿದೆ. ಈ ಮೂವರೂ ಒಬ್ಬಳೇ ಎಂದು ನೋಟರಿ ಮುಂದೆ ಅಫಿಡವಿಟ್ಟು ಮಾಡಿಸಿ ಅವ್ವನ ಹೆಬ್ಬೆಟ್ಟು ಒತ್ತಿಸಿದೆವು. ಹತ್ತನೇ ಕ್ಲಾಸು ಪಾಸಾಗದವರ ಪಾಸ್‌ಪೋರ್ಟಿಗೆ ವಲಸೆ ತಪಾಸಣೆಯ ಗುರುತು ಬೀಳುತ್ತದೆ, 1983ರ ಕಾಯಿದೆಯ ಕೃಪೆ. ಅವ್ವನಿಗೆ 50 ದಾಟಿದ್ದರಿಂದ ಅದೊಂದು ತಪ್ಪಿತು.

ಆಮೇಲೆ ಆಸ್ತಿಯ ಕಾಲಂ.

ನಮ್ಮ ಅಜ್ಜನಿಗೆ ಸರ್ಕಾರ ಎರಡು ಎಕರೆ ದರಖಾಸ್ತು ಜಮೀನು ಕೊಟ್ಟಿತ್ತು. ಸಾಗುವಳಿ ಚೀಟಿ ಇವತ್ತಿಗೂ ಇದೆ. ಮಡಿಕೆಯಲ್ಲಿ ಹರಿದು ನಾಲ್ಕು ತುಂಡಾಗಿದೆ. ಒಂದು ಮದುವೆ ಸಾಲಕ್ಕೆ ಆ ಜಮೀನು ಊರ ದಣಿಯ ಪಾಲಾಯಿತು. ಪರಿಶಿಷ್ಟರಿಗೆ ಮಂಜೂರಾದ ಜಮೀನು ಷರತ್ತು ಮುರಿದು ಪರಭಾರೆ ಆಗಿದ್ದರೆ ಅದನ್ನು ವಾಪಸ್ ಕೊಡಿಸಬೇಕು ಎಂದು 1978ರಲ್ಲಿ ಪಿ.ಟಿ.ಸಿ.ಎಲ್. ಕಾಯಿದೆ ಬಂತು, 1979ರ ಜನವರಿಯಿಂದ ಜಾರಿ. ಕಾಯಿದೆ ಬಂದದ್ದು ಕೇರಿಗೆ ಗೊತ್ತಾಗಲಿಕ್ಕೆ ಎಷ್ಟು ವರ್ಷ ಬೇಕು? ನಮಗೆ ಗೊತ್ತಾಗಿ ಅರ್ಜಿ ಹಾಕುವ ಹೊತ್ತಿಗೆ, ತಡವಾಗಿ ಬಂದವರ ಅರ್ಜಿ ನಡೆಯದು ಎಂಬ ಅರ್ಥದ ತೀರ್ಪು 2017ರಲ್ಲಿ ಸುಪ್ರೀಂ ಕೋರ್ಟಿನಿಂದ ಬಂದಿತ್ತು. ದಲಿತ ಸಂಘಟನೆಗಳು ಹೋರಾಡಿ, 2023ರಲ್ಲಿ ಕಾಲಮಿತಿ ಇಲ್ಲ ಎಂಬ ತಿದ್ದುಪಡಿ ಆಯಿತು. ಕೇಸು ಇನ್ನೂ ನಡೆಯುತ್ತಿದೆ. ಪಹಣಿಯ 9ನೇ ಕಾಲಂನಲ್ಲಿ ಇವತ್ತಿಗೂ ದಣಿಯ ಮಗನ ಹೆಸರೇ ಇದೆ.

ಈಗ ಹೇಳಿ. ದಣಿಯ ಮನೆಯ ಅಮ್ಮಾವ್ರು ಇದೇ ವೀಸಾಕ್ಕೆ ಅರ್ಜಿ ಹಾಕಿದರೆ ಆ ಎರಡು ಎಕರೆಯ ಪಹಣಿಯನ್ನೂ ಲಗತ್ತಿಸಬಹುದು. ನೋಡಿ, ಇಂಥ ಆಸ್ತಿ ಬಿಟ್ಟು ಇವರು ಎಲ್ಲಿಗೆ ಹೋದಾರು ಎಂದು ವೀಸಾ ಅಧಿಕಾರಿ ನಂಬುತ್ತಾನೆ. ನಮ್ಮ ಜಮೀನು ನಮ್ಮ ಅವ್ವನ ಮೇಲಿನ ಅನುಮಾನಕ್ಕೂ ದಣಿಯ ಮನೆಯವರ ಮೇಲಿನ ನಂಬಿಕೆಗೂ ಏಕಕಾಲದಲ್ಲಿ ಸಾಕ್ಷಿ. ಆಸ್ತಿವಂತ ತಿರುಗಿ ಬರುತ್ತಾನೆ, ಗತಿಯಿಲ್ಲದವನು ಅಲ್ಲೇ ಉಳಿಯುತ್ತಾನೆ ಎಂಬುದು ಯಾವ ಲೆಕ್ಕವೋ! ನಮ್ಮ ನಾಡಿನಿಂದ ಮೊದಲು ಹಡಗು ವಿಮಾನ ಹತ್ತಿ ಹೋಗಿ ಅಲ್ಲೇ ನೆಲೆ ನಿಂತವರಲ್ಲಿ ಆಸ್ತಿ ಇದ್ದವರೇನು ಕಡಿಮೆಯೆ?

ಆ ದೇಶದ ಚರಿತ್ರೆಯೂ ನಮಗೆ ಹೊಸದಲ್ಲ. 1901ರಲ್ಲಿ ಅವರು ವಲಸೆ ನಿರ್ಬಂಧದ ಕಾಯಿದೆ ಮಾಡಿದರು. ಬಣ್ಣದವರು ಬೇಡ ಎಂದು ಅದರಲ್ಲಿ ಬರೆದಿರಲಿಲ್ಲ. ಉಕ್ತಲೇಖನ ಬರೆಸಿದರು, ಐವತ್ತು ಪದ, ಯುರೋಪಿನ ಯಾವುದಾದರೂ ಒಂದು ಭಾಷೆಯಲ್ಲಿ. ಭಾಷೆ ಯಾವುದೆಂದು ಆರಿಸುವವನು ಅಧಿಕಾರಿ. ಬೇಡವಾದವನು ಇಂಗ್ಲಿಷ್ ಬಲ್ಲವನಾದರೆ ಇನ್ನೊಂದು ಭಾಷೆ. 1934ರಲ್ಲಿ ಎಗೋನ್ ಕಿಷ್ ಎಂಬ ಹಲವು ಭಾಷೆ ಬಲ್ಲ ಲೇಖಕನಿಗೆ ಸ್ಕಾಟ್‌ಲೆಂಡಿನ ಗೇಲಿಕ್ ಭಾಷೆಯಲ್ಲಿ ಬರೆಸಿದರು! ಆ ಪರೀಕ್ಷೆ ಹೋದದ್ದು 1958ರಲ್ಲಿ. ಬಿಳಿಯರ ಆಸ್ಟ್ರೇಲಿಯಾ ಎಂಬ ನೀತಿಯ ಕೊನೆಯ ಬೇರು ಕಿತ್ತದ್ದು 1973ರಲ್ಲಿ. ನಮ್ಮ ಕಿವಿಗೆ ಕಾದ ಸೀಸ ಹೊಯ್ಯಿರಿ ಎಂದ ಶಾಸ್ತ್ರ ಇದಕ್ಕಿಂತ ಪ್ರಾಮಾಣಿಕ ಅನ್ನಿಸುತ್ತದೆ. ಅದು ಬಾಯಿಬಿಟ್ಟು ಹೇಳಿತ್ತು.

ಬಾಬಾಸಾಹೇಬರು ತಮ್ಮ ಅನುಭವಗಳನ್ನು ಬರೆದಿಟ್ಟು ಅದಕ್ಕೆ 'ವೇಟಿಂಗ್ ಫಾರ್ ಎ ವೀಸಾ' ಎಂದು ಹೆಸರಿಟ್ಟರು. ಅದು ಪುಸ್ತಿಕೆಯಾಗಿ ಅಚ್ಚಾದದ್ದು 1990ರಲ್ಲಿ. ಅದರಲ್ಲಿ ಯಾವ ವಿದೇಶದ ಕಚೇರಿಯೂ ಬರುವುದಿಲ್ಲ. ಬರುವುದು ಮಸೂರಿನ ರೈಲು ಸ್ಟೇಷನ್ನು, ಬಾಡಿಗೆಗೆ ಬರಲೊಪ್ಪದ ಗಾಡಿಯವರು, ಕುಡಿಯಲು ನೀರಿಲ್ಲದ ಮಕ್ಕಳು. ಅಮೆರಿಕ, ಇಂಗ್ಲೆಂಡಿನಲ್ಲಿ ಓದಿ 1917ರಲ್ಲಿ ಬರೋಡಾಕ್ಕೆ ಬಂದ ಆ ಮನುಷ್ಯನಿಗೆ ತಲೆ ಮರೆಸಿ ಇರಲು ಪಾರ್ಸಿ ಹೆಸರು ಬೇಕಾಯಿತು. ದೊಣ್ಣೆ ಹಿಡಿದು ಬಂದವರು ಅಲ್ಲಿಂದಲೂ ಹೊರಹಾಕಿದರು. ಸ್ವಂತ ದೇಶದ ವೀಸಾ ಸಿಗದವರು ನಾವು. ಅವ್ವನ ಫೈಲು ಹಿಡಿದು ಅಲೆಯುವಾಗ ಆ ಹೆಸರು ದಿನವೂ ನೆನಪಾಗುತ್ತಿತ್ತು.

ತಿರುಗಿ ಬರುವುದಕ್ಕೆ ಕಾರಣ ಏನು ಎಂದು ಅವ್ವನನ್ನೇ ಕೇಳಿದೆವು. "ಎರಡು ಮೇಕೆ ಗಬ್ಬಾಗವೆ, ಸಂಘದ ಕಂತು ಐತೆ, ನಿಮ್ಮಪ್ಪನ ಗುಡ್ಡೆ ಇಲ್ಲೈತೆ. ಬರ್ದೆ ಅಲ್ಲೇನು ಮಾಡ್ಲಿ?" ಸ್ತ್ರೀಶಕ್ತಿ ಸಂಘದ ಪಾಸ್‌ಬುಕ್ಕು, ಉದ್ಯೋಗ ಖಾತ್ರಿಯ ಜಾಬ್ ಕಾರ್ಡು, ಅಜ್ಜನ ಹೆಸರಲ್ಲಿರುವ ಜನತಾ ಮನೆಯ ಹಕ್ಕುಪತ್ರ, ಎಲ್ಲವನ್ನೂ ಇಂಗ್ಲಿಷು ಮಾಡಿಸಿ ಇಟ್ಟೆವು. ಮೇಕೆಗಳ ವಿಚಾರವನ್ನೂ ಪತ್ರದಲ್ಲಿ ಬರೆದೆವು. ಚಿಕ್ಕವಳು ತನ್ನ ಸಂಬಳದ ಚೀಟಿ, ತೆರಿಗೆ ಕಾಗದ, ಬ್ಯಾಂಕಿನ ಲೆಕ್ಕ ಕೊಟ್ಟಳು. ಕೆಲವು ವಾರದ ಮೇಲೆ ಉತ್ತರ ಬಂತು. 10,000 ಡಾಲರ್ ಭದ್ರತಾ ಠೇವಣಿ ಕಟ್ಟಬೇಕು.

ಇದು ಅಲ್ಲಿಯ ನಿಯಮ. ಒಬ್ಬರಿಗೆ ಸಾಮಾನ್ಯವಾಗಿ 5,000ದಿಂದ 15,000 ಡಾಲರ್‌ವರೆಗೆ ಕೇಳಬಹುದು. ಬಂದವರು ಹೇಳಿದ ದಿನದೊಳಗೆ ಷರತ್ತು ಮುರಿಯದೆ ಹೊರಟರೆ ದುಡ್ಡು ವಾಪಸ್. ಇಲ್ಲವಾದರೆ ದುಡ್ಡೂ ಹೋಯಿತು, ಐದು ವರ್ಷ ಇನ್ನೊಬ್ಬರಿಗೆ ಜಾಮೀನು ನಿಲ್ಲುವ ಹಕ್ಕೂ ಹೋಯಿತು. ಜೊತೆಗೆ 8503 ಎಂಬ ಷರತ್ತು. ಅಲ್ಲಿದ್ದುಕೊಂಡು ಬೇರೆ ವೀಸಾ ಕೇಳುವಂತಿಲ್ಲ. ದುಡಿಯುವಂತೆಯೂ ಇಲ್ಲ. "ಮೊಮ್ಮಗೀಗೆ ನೀರು ಹುಯ್ಯೋದು ಗೇಮೆ ಅಲ್ವಾ?" ಎಂದು ಅವ್ವ ಕೇಳಿದಳು. ಕೂಲಿ ಕೊಡದ ಕೆಲಸ ಕೆಲಸವಲ್ಲ ಎಂದು ಸಮಾಧಾನ ಹೇಳಿದೆವು. ಹೆಂಗಸರಿಗೆ ಇದೇನು ಹೊಸ ಸುದ್ದಿಯೇ!

ಆದರೆ ಬಾಂಡು ಎಂಬ ಮಾತು ಕೇಳಿದ್ದೇ ಅವ್ವ ನೆಲಕ್ಕೆ ಕೂತುಬಿಟ್ಟಳು. "ನನ್ನ ಎಷ್ಟಕ್ಕೆ ಅಡ ಮಡಗಿದ್ದೀರ್ರವ್ವ?"

ಅದು ತಮಾಷೆಯ ಮಾತಲ್ಲ. ಜೀತ ನಿಷೇಧದ ಕಾಯಿದೆ ಬಂದದ್ದು 1976ರಲ್ಲಿ. ಅದಕ್ಕೆ ಮುಂಚೆ ನಮ್ಮ ದೊಡ್ಡಪ್ಪ, ಅಪ್ಪನ ಅಣ್ಣ, ಎಂಟು ವರ್ಷದ ಹುಡುಗನಾಗಿ ದಣಿಯ ದನ ಕಾಯಲು ಹೋದವನು. ಅಜ್ಜನ ಸಾಲಕ್ಕೆ ಜಾಮೀನು ಅಂದರೆ ಅವನೇ. ಬರೆದ ಪತ್ರದಲ್ಲಿ ಏನಿದೆ ಎಂದು ಅಜ್ಜನಿಗೂ ಗೊತ್ತಿರಲಿಲ್ಲ. ಹೆಬ್ಬೆಟ್ಟು ಒತ್ತಿದ್ದ, ಅಷ್ಟೇ. ಮದುವೆಯಾಗಿ ಆ ಮನೆಗೆ ಬಂದಾಗ ಅವ್ವ ನೋಡಿದ್ದು ಬೆನ್ನು ಬಾಗಿದ ಆ ಭಾವನನ್ನು. "ಒಂದು ದಿನ ತಡ ಆದ್ರೆ ನಿನ್ನ ದುಡ್ಡು ಮುಳುಗ್ತದೆ. ವಿಮಾನ ಕೆಟ್ಟೋದ್ರೆ? ನಂಗೆ ಜ್ವರ ಬಂದ್ರೆ? ನಾ ಬರಾಕಿಲ್ಲ, ಬುಡು." ಮೂರು ದಿನ ಅವಳ ಮಾತು ಇದೇ. ನಮ್ಮ ದುಡ್ಡಿಗೆ ನಾವೇ ಹೊಣೆ, ನಿನ್ನ ಮೈಗಲ್ಲ, ಪತ್ರವನ್ನು ಓದಿ ತಿಳಿದೇ ಒಪ್ಪಿದ್ದೇವೆ ಎಂದು ದೊಡ್ಡವಳು ಒಂದೊಂದೇ ಸಾಲು ಕನ್ನಡದಲ್ಲಿ ಓದಿ ಹೇಳಿದಳು. ಅವ್ವ ಮತ್ತೆ ಮತ್ತೆ ಓದಿಸಿದಳು. ನಾಲ್ಕನೇ ದಿನ, "ತಾರೀಕು ಬರ್ಕೊಡು" ಅಂದಳು.

ಮೂರು ತಿಂಗಳ ವೀಸಾ. ಮೆಲ್ಬರ್ನಿನ ಮನೆಯಲ್ಲಿ ಕೂಸಿಗೆ ಸಾಂಬ್ರಾಣಿ ಹೊಗೆ ಹಾಕಿ ಬೆಂಕಿಯ ಅಲಾರಂ ಹೊಡೆಸಿದಳು. ಪಕ್ಕದ ಮನೆಯ ಇಟಲಿಯ ಮುದುಕಿಯೊಂದಿಗೆ ಬೇಲಿ ಮೇಲೆ ಕೈಸನ್ನೆಯಲ್ಲೇ ಸೊಪ್ಪಿನ ವ್ಯಾಪಾರ ನಡೆಸಿದಳು. ಒಂದು ಹುಟ್ಟುಹಬ್ಬದಲ್ಲಿ ನಮ್ಮ ಕನ್ನಡದ ಹೆಂಗಸೊಬ್ಬರು, "ನೀವು ಯಾವ ಪೈಕಿ?" ಎಂದು ಕೇಳಿದರಂತೆ. "ಕೂಲಿ ಪೈಕಿ" ಅಂದಳಂತೆ ಅವ್ವ. ಹನ್ನೆರಡು ದಿನ ಮುಂಚೆಯೇ ವಿಮಾನ ಹತ್ತಿದಳು. ಇನ್ನೂ ಇರಬಹುದಿತ್ತು, ಕೂಸಿಗೆ ಕತ್ತು ನಿಂತಿರಲಿಲ್ಲ. ಎಷ್ಟು ಹೇಳಿದರೂ ಕೇಳಲಿಲ್ಲ.

ಠೇವಣಿ ವಾಪಸ್ ಬಂತು. ಸುದ್ದಿ ಹೇಳಿದಾಗ ಅವ್ವ ಫೋನಿನಲ್ಲಿ ಚಿಕ್ಕವಳಿಗೆ ಅಂದದ್ದು, "ರಸೀತಿ ಜೋಪಾನವಾಗಿ ಮಡಗವ್ವ."

ಜಮೀನಿನ ಕೇಸಿಗೆ ಬರುವ ತಿಂಗಳು ವಾಯಿದೆ ಇದೆ. ಅವ್ವನೂ ಬರುತ್ತಾಳೆ. ಸಾಗುವಳಿ ಚೀಟಿಯ ನಾಲ್ಕು ತುಂಡಿರುವ ಪ್ಲಾಸ್ಟಿಕ್ ಕವರಿನಲ್ಲಿ ಈಗ ಪಾಸ್‌ಪೋರ್ಟನ್ನೂ ಸೇರಿಸಿಕೊಂಡಿದ್ದಾಳೆ. ಅದ್ಯಾಕವ್ವ ಅಂದರೆ, "ಕೇಳುದ್ರೆ ತೋರ್ಸಕೆ" ಅನ್ನುತ್ತಾಳೆ.