ಎರಡು ಬಕೀಟು ಮೀನು

ಅಮೆರಿಕದ ಕ್ಯಾಲಿಫೋರ್ನಿಯಾ ಮತ್ತು ನೆವಾಡಾ ಸಂಸ್ಥಾನಗಳು ಕೂಡುವ ಮರುಭೂಮಿಯಲ್ಲಿ ನದಿಗಳು ಸಮುದ್ರವನ್ನು ಸೇರುವುದಿಲ್ಲ. ಹರಿದಷ್ಟು ದೂರ ಹರಿದು ಮರಳಿನಲ್ಲಿ ಇಂಗುತ್ತವೆ. ಹಿಮಯುಗದಲ್ಲಿ ಹೀಗಿರಲಿಲ್ಲ. ಆಗ ಸರೋವರವು ಸರೋವರಕ್ಕೆ ಉಕ್ಕಿ ಹರಿಯುತ್ತಿದ್ದಿತು. ಆ ಕಾಲ ಕಳೆದು ಬಿಸಿಲೇರಿದ ಮೇಲೆ ಸರೋವರಗಳು ಉಪ್ಪಿನ ಬಯಲುಗಳಾದುವು. ಅವುಗಳಲ್ಲಿದ್ದ ಮೀನುಗಳು ಒಂದೊಂದು ಒರತೆಯಲ್ಲಿ, ಒಂದೊಂದು ಜವುಗಿನಲ್ಲಿ ಸಿಕ್ಕಿ ಉಳಿದು, ಬಂಧುಗಳ ಮುಖವನ್ನು ಮತ್ತೆ ಕಾಣದೆ ಬೇರೆ ಬೇರೆ ಕುಲಗಳಾದುವು. ಇವುಗಳಿಗೆ ಪಪ್‌ಫಿಷ್ ಎಂದು ಹೆಸರು. ಎರಡು ಅಂಗುಲವನ್ನು ಮೀರುವುದು ಅಪರೂಪ. ಗಂಡುಗಳು ಒಂದನ್ನೊಂದು ಅಟ್ಟುವುದು ನಾಯಿಮರಿಗಳ ಚೆಲ್ಲಾಟದಂತೆ ಕಾಣುವುದರಿಂದ ಈ ಹೆಸರು ಬಂದಿತಂತೆ. ನಿಜಕ್ಕೆ ಅದು ಆಟವಲ್ಲ, ಗೇಣಗಲದ ನೆಲೆಗಾಗಿ ನಡೆಯುವ ಕದನ.

ಓವೆನ್ಸ್ ನದಿಯ ಕಣಿವೆಯಲ್ಲಿ ಪೈಯೂಟ್ ಜನರು ಇವನ್ನು ಮೊಗೆದು, ಒಣಗಿಸಿ, ಚಳಿಗಾಲಕ್ಕೆ ಇಟ್ಟುಕೊಳ್ಳುತ್ತಿದ್ದರು. ಅಷ್ಟು ಸಮೃದ್ಧಿ. 1913ರಲ್ಲಿ ಲಾಸ್ ಏಂಜಲಿಸ್ ನಗರವು ಆ ನದಿಯ ನೀರನ್ನು ಕಾಲುವೆಯಿಂದ ಕೊಂಡೊಯ್ಯತೊಡಗಿತು. ಗಾಳದ ವಿನೋದಕ್ಕೆಂದು ಹೊರಗಿನಿಂದ ತಂದುಬಿಟ್ಟ ದೊಡ್ಡ ಮೀನುಗಳು ಚಿಕ್ಕವನ್ನು ನುಂಗಿದುವು. 1948ರಲ್ಲಿ ರಾಬರ್ಟ್ ರಶ್ ಮಿಲ್ಲರ್ ಎಂಬ ವಿದ್ವಾಂಸರು ಓವೆನ್ಸ್ ಪಪ್‌ಫಿಷ್ಷಿಗೆ ಶಾಸ್ತ್ರೀಯ ನಾಮಕರಣ ಮಾಡಿದ ವೇಳೆಗೆ ಅದು ಅಳಿದುಹೋಯಿತೆಂದೇ ಎಣಿಕೆಯಾಗಿದ್ದಿತು. ಜಾತಕರ್ಮವೂ ಉತ್ತರಕ್ರಿಯೆಯೂ ಒಂದೇ ಬಾರಿಗೆ! ಆದರೆ 1964ರಲ್ಲಿ ಬಿಷಪ್ ಎಂಬ ಊರಿನ ಬಳಿಯ ಫಿಷ್ ಸ್ಲೂ ಜವುಗಿನಲ್ಲಿ ಕೆಲವು ಮತ್ತೆ ಕಂಡುವು.

1969ರ ಆಗಸ್ಟಿನಲ್ಲಿ ಆ ಜವುಗೂ ಬತ್ತತೊಡಗಿತು. ಸಂಸ್ಥಾನದ ಮೀನು ಇಲಾಖೆಯ ಜೀವಶಾಸ್ತ್ರಜ್ಞರಾದ ಎಡ್ವಿನ್ ಫಿಲಿಪ್ ಪಿಸ್ಟರ್ ಅವರು ಸಹೋದ್ಯೋಗಿಗಳೊಡನೆ ಧಾವಿಸಿ, ಉಳಿದಿದ್ದ ಸುಮಾರು 800 ಮೀನುಗಳನ್ನು ಹಿಡಿದು ಬಲೆಯ ಪಂಜರಗಳಲ್ಲಿ ನೀರೊಳಗೆ ಇರಿಸಿದರು. ಜೊತೆಯವರು ಊಟಕ್ಕೆ ಹೊರಟುಹೋದರು. ಪಿಸ್ಟರ್ ಒಬ್ಬರೇ ನಿಂತು ನೋಡುವಲ್ಲಿ, ಕೆಲವು ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದುವು. ನೀರಿನ ಸೆಳವು ಪಂಜರವನ್ನು ಮುಟ್ಟದೆ ಆಮ್ಲಜನಕವು ತೀರುತ್ತಿದ್ದಿತು. ಬದುಕಿದ್ದವನ್ನು ಎರಡು ಬಕೀಟುಗಳಿಗೆ ತುಂಬಿಕೊಂಡು, ಎಡವದಂತೆ ಹೆಜ್ಜೆಯಿಟ್ಟು, ಅವರು ಬೇರೆ ನೀರಿಗೆ ಸಾಗಿಸಿದರು. ಲೋಕದಲ್ಲಿದ್ದ ಓವೆನ್ಸ್ ಪಪ್‌ಫಿಷ್ಷೆಲ್ಲವೂ ಆ ಹೊತ್ತು ಒಬ್ಬ ಮನುಷ್ಯನ ಎರಡು ಕೈಗಳಲ್ಲಿ ತೂಗುತ್ತಿದ್ದಿತು.

ಕುಲವು ಉಳಿಯಿತು, ದಿಟ. ಎಷ್ಟು ಉಳಿಯಿತೆಂಬುದು ಬೇರೆ ಮಾತು. ಹಗೇವಿನಲ್ಲಿ ಹಲವು ತಳಿಯ ಜೋಳ ಬೆರೆತಿದ್ದು, ಬರಗಾಲದಲ್ಲಿ ಬಿತ್ತನೆಗೆ ಒಂದು ಬೊಗಸೆ ಮಾತ್ರ ಮಿಕ್ಕಿತೆನ್ನೋಣ. ಮಳೆ ಬಂದರೆ ಹಗೇವು ಪುನಃ ತುಂಬೀತು. ಬೊಗಸೆಗೆ ಬಾರದ ತಳಿಯು ಮಾತ್ರ ತಿರುಗಿ ಬಾರದು. ವಂಶವಾಹಿಗಳ ಗತಿಯೂ ಇದೇ. ಒಂದು ಕೊಳದಿಂದ ಇನ್ನೊಂದಕ್ಕೆ ಕೆಲವನ್ನೇ ಒಯ್ದು ಬಿಟ್ಟಾಗಲೆಲ್ಲ ಬೊಗಸೆಯಿಂದ ಬೊಗಸೆಗೆ ಕಾಳು ಸೋರುವುದು. ತುಂಬಿ ಹರಿಯುವ ನದಿಯಾದರೆ ಪ್ರವಾಹವು ಬಂಧುಗಳನ್ನು ಕೂಡಿಸಿ ಆ ನಷ್ಟವನ್ನು ಸ್ವಲ್ಪ ತುಂಬಿಕೊಟ್ಟೀತು. ಬತ್ತಿದ ನದಿಗೆ ಆ ಔದಾರ್ಯವಿಲ್ಲ.

ಈ ಸೋರಿಕೆಯ ಕೊನೆಯ ಮೆಟ್ಟಿಲನ್ನು ನೋಡಬೇಕಾದರೆ ನೆವಾಡಾದ ಡೆವಿಲ್ಸ್ ಹೋಲ್ ಎಂಬ ಕುಂಡಕ್ಕೆ ಹೋಗಬೇಕು. ಬಂಡೆಯ ಬಿರುಕಿನಲ್ಲಿ ತಳ ಕಾಣದ ನೀರು. ಉಷ್ಣತೆ 33 ಡಿಗ್ರಿಯ ಮೇಲೆ. ಒಂದು ಕೋಣೆಯಷ್ಟೂ ಅಗಲವಿಲ್ಲದ ಕಲ್ಲಿನ ಹಾಸಿನ ಮೇಲೆ ಅಲ್ಲಿಯ ಪಪ್‌ಫಿಷ್ ಮೇಯುತ್ತದೆ, ಮೊಟ್ಟೆಯಿಡುತ್ತದೆ. ಸುತ್ತಣ ಬೇಸಾಯದ ಪಂಪುಗಳಿಂದ ಆ ಹಾಸು ಬರಿದಾಗುವಂತಾದಾಗ, 1976ರಲ್ಲಿ ದೇಶದ ಪರಮೋಚ್ಚ ನ್ಯಾಯಾಲಯವು ಮೀನಿನ ನೀರನ್ನು ಎತ್ತಿಹಿಡಿಯಿತು. 2013ರ ವಸಂತದಲ್ಲಿ ಎಣಿಸಿದಾಗ ಸಿಕ್ಕವು 35. 2022ರಲ್ಲಿ ಪ್ರಕಟವಾದ ಸಂಶೋಧನೆಯಂತೆ, ಈ ಮೀನುಗಳ ವಂಶವಾಹಿ ಸಮುದಾಯದಲ್ಲಿ ನೂರಕ್ಕೆ ಸರಾಸರಿ 58 ಪಾಲು ಒಂದೇ ಅಚ್ಚು; ಒಡಹುಟ್ಟಿದವರೇ ಐದಾರು ತಲೆಮಾರು ಕೂಡಿ ಸಂತಾನ ಬೆಳೆಸಿದ್ದರೆ ಆಗುವಷ್ಟು. ಕಳೆದುಹೋದ ವಂಶವಾಹಿಗಳಲ್ಲಿ ಕೆಲವು ಆಮ್ಲಜನಕದ ಕೊರತೆಯನ್ನು ತಾಳಿಕೊಳ್ಳುವುದಕ್ಕೆ ಸಂಬಂಧಿಸಿದವು. ಬಿಸಿನೀರಿನಲ್ಲಿ ಬಾಳುವ ಮೀನಿಗೆ ಬೇಕಾದ ಸಾಮಗ್ರಿಯೇ ಅದು.

ಹಾಗಾದರೆ ನೆರೆಯ ಒರತೆಯ ಬಂಧುವನ್ನು ತಂದು ಬೆರೆಸಬಾರದೇಕೆ? ಯಾರೂ ಬಯಸದೆಯೇ ಇದು ಒಮ್ಮೆ ನಡೆದುಹೋಯಿತು. ರಕ್ಷಣೆಗಾಗಿ ಕಟ್ಟಿದ್ದ ಒಂದು ತೊಟ್ಟಿಗೆ ನೆರೆಯ ಜಾತಿಯ ಕೆಲವೇ ಮೀನುಗಳು ನುಸುಳಿದುವು. ಬೆರಕೆಯ ಸಂತಾನವು ಪುಷ್ಟವಾಗಿ ಹೆಚ್ಚಿತು. ಡೆವಿಲ್ಸ್ ಹೋಲಿನ ಮೀನೆಂದು ಕರೆಯಬಹುದಾದುದು ಆ ತೊಟ್ಟಿಯಲ್ಲಿ ಉಳಿಯಲಿಲ್ಲ. ಬೇರೆಯಾಗಿರಿಸಿದರೆ ಬಡವಾಗುವುದು, ಬೆರೆಸಿದರೆ ಹೆಸರೇ ಅಳಿಯುವುದು. ಕುಂಡದಲ್ಲಿ ಈವರೆಗೆ ಬೆರೆಸದೆ ಇರುವುದು ವಿವೇಕವೆಂದೇ ತೋರುತ್ತದೆ, ಏಕೆಂದರೆ ಒಮ್ಮೆ ಬೆರೆತುದನ್ನು ಸೋಸಿ ತೆಗೆಯುವ ಜರಡಿ ಇಲ್ಲ. ಆದರೆ ಆ ವಿವೇಕಕ್ಕೆ ತೆರುವ ಬೆಲೆಯನ್ನು ಮೀನುಗಳೇ ತೆರುತ್ತಿವೆ.

2022ರ ಶರತ್ಕಾಲದಲ್ಲಿ ಎಣಿಕೆ 263ಕ್ಕೆ ಏರಿ ಜನ ಹಿಗ್ಗಿದರು. 2024ರ ಡಿಸೆಂಬರಿನಲ್ಲಿ ಒಂದು, 2025ರ ಫೆಬ್ರವರಿಯಲ್ಲಿ ಇನ್ನೊಂದು ಭೂಕಂಪ ಬಂದು, ಅಲೆಯೆದ್ದು, ಹಾಸಿನ ಮೇಲಿನ ಪಾಚಿಯನ್ನೂ ಮೊಟ್ಟೆಗಳನ್ನೂ ಆಳಕ್ಕೆ ಗುಡಿಸಿಕೊಂಡು ಹೋದುವು. ಆ ವಸಂತದ ಎಣಿಕೆಗೆ ಸಿಕ್ಕವು 38. ಅದೇ ಕಾಲದಲ್ಲಿ, ಕುಂಡವನ್ನೇ ಹೋಲುವಂತೆ ಕಟ್ಟಿದ ತೊಟ್ಟಿಯೊಂದರಲ್ಲಿ ಅದೇ ಕುಲದ ಮೊಟ್ಟೆಗಳಿಂದ ಬೆಳೆಸಿದ 19 ಮೀನುಗಳನ್ನು ತಂದು ಆ ನೀರಿಗೆ ಬಿಟ್ಟರು.